ಗ್ಯಾರೇಜಿನ ಪ್ಲಗ್‌ನಲ್ಲಿ ಪ್ರಿಯಸ್ ಪ್ರೈಮ್: ಯೂನಿಟ್ ಲೆಕ್ಕ

ಪ್ರಶ್ನೆ: ನಮಸ್ಕಾರ ಸರ್. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಹೋದ ತಿಂಗಳು 2018ರ ಟೊಯೋಟಾ ಪ್ರಿಯಸ್ ಪ್ರೈಮ್ (ಕರೆಂಟ್, ಪೆಟ್ರೋಲ್ ಎರಡರಲ್ಲೂ ಓಡುವ ಕಾರು) ಸೆಕೆಂಡ್ ಹ್ಯಾಂಡ್ ತಗೊಂಡೆವು. ರಾತ್ರಿ ಗ್ಯಾರೇಜಿನ ಮಾಮೂಲಿ 120 ವೋಲ್ಟ್ ಪ್ಲಗ್‌ಗೇ ಹಾಕುತ್ತೇವೆ. ಬ್ಯಾಟರಿ 8.8 ಯೂನಿಟ್ ಅಂತಾರೆ. ಆದರೆ ಮೀಟರ್ ಇಟ್ಟು ನೋಡಿದರೆ ಫುಲ್ ಆಗೋಕೆ 6.5 ಯೂನಿಟ್ ಅಷ್ಟೇ ಎಳೆಯುತ್ತೆ. ಬ್ಯಾಟರಿ ಕೆಟ್ಟಿದೆಯಾ? 240 ವೋಲ್ಟ್ ಚಾರ್ಜರ್ ಹಾಕಿಸಲೇಬೇಕು ಅಂತ ಒಬ್ಬರು ಹೇಳಿದರು, ನಿಜವಾ? ಮೊನ್ನೆ ರಾತ್ರಿ ಬ್ರೇಕರ್ ಬಿದ್ದು, ಅದೇ ಲೈನಿನಲ್ಲಿದ್ದ ಫ್ರೀಜರ್ ಆಫ್ ಆಗಿ, ತೆಂಗಿನ ತುರಿ ಪ್ಯಾಕೆಟ್‌ಗಳೆಲ್ಲ ಕರಗಿಹೋದವು.

ಉತ್ತರ: ಬ್ಯಾಟರಿ ಚೆನ್ನಾಗಿಯೇ ಇದೆ ಮೇಡಂ. 8.8 ಯೂನಿಟ್ ಅನ್ನೋದು ಒಟ್ಟು ಅಳತೆ. ಕಾರು ಅದನ್ನು ಪೂರ್ತಿ ತುಂಬಿಸುವುದಿಲ್ಲ, ಪೂರ್ತಿ ಖಾಲಿಯೂ ಮಾಡುವುದಿಲ್ಲ. ಮೇಲೆ ಸ್ವಲ್ಪ, ಕೆಳಗೆ ಸ್ವಲ್ಪ ಬಿಟ್ಟುಕೊಳ್ಳುತ್ತದೆ. ಬ್ಯಾಟರಿ ಬಾಳಿಕೆ ಬರೋದು ಅದರಿಂದಲೇ. ನಿಮ್ಮ 6.5ರಲ್ಲೂ ಸ್ವಲ್ಪ ಭಾಗ ಚಾರ್ಜ್ ಆಗುವಾಗ ಬಿಸಿಯಾಗಿ ಹೋಗುತ್ತದೆ. ಅಮೆರಿಕ ಸರ್ಕಾರದ ರೇಟಿಂಗ್ ಪ್ರಕಾರ ಈ ಕಾರಿಗೆ 100 ಮೈಲಿಗೆ 25 ಯೂನಿಟ್ ಬೇಕು. ಆ ನಷ್ಟವೂ ಅದರಲ್ಲಿ ಸೇರಿದೆ. ಫುಲ್ ಚಾರ್ಜ್‌ಗೆ 25 ಮೈಲಿ, ಅಂದರೆ ಆರೂಕಾಲು ಯೂನಿಟ್. ನಿಮ್ಮ ಲೆಕ್ಕ ಸರಿಯಾಗಿ ಕೂತಿತು ಅಲ್ವಾ?

240 ವೋಲ್ಟ್‌ನಲ್ಲಿ ನಷ್ಟ ಸ್ವಲ್ಪ ಕಡಿಮೆ, ಅದು ನಿಜ. ಐದೂವರೆ ಗಂಟೆಯ ಕೆಲಸ ಎರಡು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ. ಆದರೆ ಇಷ್ಟು ಚಿಕ್ಕ ಬ್ಯಾಟರಿಗೆ ಉಳಿಯೋದು ದಿನಕ್ಕೆ ಅರ್ಧ ಯೂನಿಟ್ಟೋ ಏನೋ. ಚಾರ್ಜರ್ ಹಾಕಿಸಿದ ದುಡ್ಡು ಯಾವಾಗ ವಾಪಸ್ ಬರಬೇಕು? ರಾತ್ರಿಯಿಡೀ ಕಾರು ಸುಮ್ನೆ ನಿಂತಿರುತ್ತದೆ, ಈಗಿನ ಪ್ಲಗ್ಗೇ ಸಾಕು.

ಆ ದುಡ್ಡಿನಲ್ಲಿ ಸ್ವಲ್ಪವನ್ನು ವೈರಿಂಗ್‌ಗೆ ಹಾಕಿ. ಕಾರು ಗಂಟೆಗಟ್ಟಲೆ 12 ಆಂಪ್ ಎಳೆಯುತ್ತದೆ. 15 ಆಂಪ್ ಬ್ರೇಕರ್‌ಗೆ ಅಷ್ಟು ಹೊತ್ತು ಅದೇ ಮಿತಿ. ಮೇಲೆ ಫ್ರೀಜರ್ ಶುರುವಾದರೆ ಬ್ರೇಕರ್ ಬೀಳದೆ ಇನ್ನೇನು? ಕಾರಿಗೆ ಬೇರೆ ಲೈನ್ ಎಳೆಸಿ. ಅಲ್ಲಿವರೆಗೆ ಫ್ರೀಜರನ್ನು ಬೇರೆ ಲೈನಿನ ಪ್ಲಗ್‌ಗೆ ಹಾಕಿ, ಎಕ್ಸ್‌ಟೆನ್ಶನ್ ಕಾರ್ಡ್ ಮಾತ್ರ ಬೇಡವೇ ಬೇಡ. ಇವತ್ತೇ ಒಂದು ಕೆಲಸ ಮಾಡಿ: ಚಾರ್ಜ್‌ಗೆ ಹಾಕಿ ಒಂದು ಗಂಟೆ ಆದಮೇಲೆ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಹಿಂದೆಗೆಯುವಷ್ಟು ಬಿಸಿ ಇದ್ದರೆ ಕೂಡಲೇ ಚಾರ್ಜ್ ನಿಲ್ಲಿಸಿ. ಸಾಕೆಟ್ ಸವೆದು ಹಿಡಿತ ಸಡಿಲವಾಗಿರುತ್ತದೆ, ಬದಲಾಯಿಸಲೇಬೇಕು.

ಪ್ರಶ್ನೆ (ಇನ್ನೊಬ್ಬರು): ನಮ್ಮದೂ ಅದೇ ಕಾರು, ಕ್ಯಾಲಿಫೋರ್ನಿಯಾದಲ್ಲಿ. ಯೂನಿಟ್‌ಗೆ ಹಗಲು 45 ಸೆಂಟ್, ಮಧ್ಯರಾತ್ರಿ ಮೇಲೆ 29. ಪೆಟ್ರೋಲ್ ಗ್ಯಾಲನ್‌ಗೆ 4 ಡಾಲರ್ 59 ಸೆಂಟ್. ಚಾರ್ಜ್ ಮಾಡಿದರೆ ಲಾಭವಾ?

ಉತ್ತರ: ಈ ಕಾರು ಪೆಟ್ರೋಲ್‌ನಲ್ಲೇ ಗ್ಯಾಲನ್‌ಗೆ 54 ಮೈಲಿ ಕೊಡುತ್ತದೆ. ಅಷ್ಟೇ ದೂರಕ್ಕೆ ಕರೆಂಟ್ ಹದಿಮೂರೂವರೆ ಯೂನಿಟ್. ಪೆಟ್ರೋಲ್ ರೇಟನ್ನು 13.5ರಿಂದ ಭಾಗಿಸಿ. ನಿಮಗೆ 34 ಸೆಂಟ್ ಬರುತ್ತದೆ. ಕರೆಂಟ್ ಅದಕ್ಕಿಂತ ಅಗ್ಗವಿದ್ದರೆ ಚಾರ್ಜ್ ಲಾಭ. ಹಾಗಾಗಿ ಹಗಲು ಹಾಕಬೇಡಿ, ಕಾರಿನಲ್ಲೇ ಟೈಮರ್ ಇದೆ, ಮಧ್ಯರಾತ್ರಿಗೆ ಇಟ್ಟುಬಿಡಿ. ಚಳಿಗಾಲದಲ್ಲಿ 25 ಮೈಲಿ ಬರೋದಿಲ್ಲ, ಆಗ ಈ ಲೆಕ್ಕ ಸ್ವಲ್ಪ ಬಿಗಿಯಾಗುತ್ತದೆ. ಕಾರು ಪ್ಲಗ್‌ನಲ್ಲಿ ಇರುವಾಗಲೇ ಒಳಗೆ ಬೆಚ್ಚಗೆ ಮಾಡಿಕೊಂಡು ಹೊರಡಿ.

ನ್ಯೂಜೆರ್ಸಿ ಮೇಡಂ, ನೀವೂ ಹೀಗೇ ಭಾಗಿಸಿ. ಆದರೆ ಬಿಲ್‌ನಲ್ಲಿ ಸಪ್ಲೈ (ಕರೆಂಟಿನ ಬೆಲೆ), ಡೆಲಿವರಿ (ಅದನ್ನು ಮನೆಗೆ ತಲುಪಿಸುವ ಚಾರ್ಜ್) ಎರಡೂ ಬೇರೆ ಬೇರೆ ಇರುತ್ತವೆ. ಸಪ್ಲೈ ರೇಟ್ ಮಾತ್ರ ನೋಡಿ ಜಾಸ್ತಿ ಜನ ಮೋಸಹೋಗುತ್ತಾರೆ. ಎರಡನ್ನೂ ಕೂಡಿಸಿ ಯೂನಿಟ್‌ಗೆ ಎಷ್ಟು ಬೀಳುತ್ತೆ ಅಂತ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.