ರಿಸರ್ಚ್‌ನ ಮಾರ್ಕೆಟ್‌ಗೆ ತರೋರಿಗೆ ಸ್ಕಿಲ್ ಸ್ಟ್ಯಾಂಡರ್ಡ್ ಬರೆಯೋದು ಹೇಗೆ? ಮಾಡಿ ನೋಡಿದೋರು ಹೇಳಿ

ಪ್ರಶ್ನೆ:
ನಮ್ ಟೆಕ್ನಾಲಜಿ ಟ್ರಾನ್ಸ್‌ಫರ್ ಆಫೀಸಲ್ಲಿ ಆರು ಜನ ಇದೀವಿ. ಒಬ್ರು ಲಾಯರ್, ಇಬ್ರು ಪಿಎಚ್‌ಡಿ ಮುಗಿಸಿ ಲ್ಯಾಬ್ ಬಿಟ್ಟು ಬಂದೋರು, ಮಿಕ್ಕೋರು ಸೇಲ್ಸ್ ಕಡೆಯೋರು. ಈ ಕೆಲ್ಸಕ್ಕೆ ಏನೇನು ಬರ್ಬೇಕು ಅಂತ ಒಂದು ಸ್ಟ್ಯಾಂಡರ್ಡ್ ಬರ್ಕೊಡು ಅಂತ ನನ್ ತಲೆಗೆ ಕಟ್ಟಿದಾರೆ. ಎಲ್ಲಿಂದ ಶುರು ಮಾಡ್ಲಿ?

ಉತ್ತರ 1:
ಡಿಗ್ರಿ, ಕೋರ್ಸು ಅಂತ ಮಾತ್ರ ಶುರು ಹಚ್ಕೋಬೇಡಿ ಸರ್, ನಾವು ಅದನ್ನೇ ಮಾಡಿ ಕೈ ಸುಟ್ಕೊಂಡ್ವಿ. 'ಐಪಿ (ಪೇಟೆಂಟ್ ಥರದ ಬೌದ್ಧಿಕ ಆಸ್ತಿ) ಜ್ಞಾನ ಇರಬೇಕು' ಅಂತ ಒಂದು ಸಾಲು ಬರೆದ್ವಿ, ಎಲ್ರೂ ಟಿಕ್ ಹಾಕಿದ್ರು. ಒಂದಿನ ಪ್ರೊಫೆಸರ್ ಒಬ್ರು ಬಂದು "ಸೋಮವಾರ ಕಾನ್ಫರೆನ್ಸಲ್ಲಿ ಪೋಸ್ಟರ್ ಇದೆ, ಅದು ಮುಗೀಲಿ, ಆಮೇಲೆ ಪೇಟೆಂಟ್ ಹಾಕೋಣ" ಅಂದ್ರು, ಟಿಕ್ ಹಾಕಿದ್ದ ನಮ್ ಹುಡುಗ "ಆಯ್ತು ಸರ್" ಅಂದ್ಬಿಟ್ಟ. ವಿಷಯ ಹೊರಗೆ ಬಂದ್ಮೇಲೂ ಅರ್ಜಿ ಹಾಕೋಕೆ ಅಮೆರಿಕದಲ್ಲಿ 12 ತಿಂಗಳ ಗ್ರೇಸ್ ಇದೆ, ಯುರೋಪಲ್ಲಿ ಆ ಥರ ಇಲ್ವಲ್ಲ, ಪೋಸ್ಟರ್ ಗೋಡೆಗೆ ಅಂಟಿಸಿದ್ ದಿನವೇ ಯುರೋಪ್ ಪೇಟೆಂಟ್‌ಗೆ ಎಳ್ಳು ನೀರು. ಆಮೇಲೆ ಆ ಸಾಲು ಹೊಡೆದಾಕಿ ಹೀಗೆ ಬರೆದ್ವಿ: 'ಪೋಸ್ಟರ್, ಪೇಪರ್, ಥೀಸಿಸ್ ಯಾವಾಗ ಹೊರಗೆ ಬರುತ್ತೆ ಅಂತ ಮೊದಲ ಭೇಟಿಯಲ್ಲೇ ಕೇಳಿ, ಅಷ್ಟರೊಳಗೆ ಅರ್ಜಿ ಹಾಕ್ಬೇಕಾ ಅಂತ ನಿರ್ಧರಿಸ್ತಾರೆ.' ಇದಕ್ಕೆ ಸುಮ್ಸುಮ್ನೆ ಟಿಕ್ ಹಾಕೋಕೆ ಕೈ ಬರಲ್ಲ ನೋಡಿ.

ಉತ್ತರ 2:
ಮೇಲಿನೋರು ಹೇಳಿದ್ದು ಸರಿ, ಜೊತೆಗೆ ಹಂತ ಮಾಡಿ. ಪಿಸಿಟಿ ಅರ್ಜಿನೇ ತಗೊಳ್ಳಿ, ಅಂದ್ರೆ ಒಂದೇ ಅರ್ಜಿಲಿ ಹಲವು ದೇಶಗಳ ಪೇಟೆಂಟ್‌ಗೆ ದಾರಿ ಇಟ್ಕೊಳ್ಳೋದು. ಹೊಸಬ್ರಿಗೆ ಮೊದಲ ಅರ್ಜಿಯಿಂದ 12 ತಿಂಗಳೊಳಗೆ ಪಿಸಿಟಿ, ಹೆಚ್ಚಿನ ದೇಶಗಳಲ್ಲಿ ಅದನ್ನ ಮುಂದುವರಿಸೋಕೆ ಆ ಮೊದಲ ಅರ್ಜಿಯಿಂದಲೇ 30 ತಿಂಗಳ ಗಡುವು ಅನ್ನೋದು ಗೊತ್ತಿದ್ರೆ ಸಾಕು. ನಾಲ್ಕೈದು ವರ್ಷ ಆದೋರು ಆ 30 ತಿಂಗಳು ಬರೋಷ್ಟರಲ್ಲಿ ಯಾವ್ ದೇಶ ಬೇಕು, ದುಡ್ಡು ಯಾರ್ ಹಾಕ್ತಾರೆ ಅಂತ ಹೇಳ್ಬೇಕು. ಸೀನಿಯರ್ ಅಂದ್ರೆ ಸಂಶೋಧಕರ ಎದುರು ಕೂತು "ಇದನ್ನ ಕೈಬಿಡೋಣ" ಅಂದೂ ಅವರ ಮುಂದಿನ ಐಡಿಯಾ ನಮ್ಮತ್ರನೇ ಬರೋ ಹಾಗೆ ಮಾಡೋರು. ಎಟಿಟಿಪಿ ಅನ್ನೋ ಟೆಕ್ನಾಲಜಿ ಟ್ರಾನ್ಸ್‌ಫರ್ ಸಂಘಗಳ ಒಕ್ಕೂಟ ಈ ಕೆಲ್ಸದೋರಿಗೆ ಕೊಡೋ ಆರ್‌ಟಿಟಿಪಿ ಮಾನ್ಯತೆನೂ ಒಮ್ಮೆ ನೋಡಿ, ಅಲ್ಲೂ ಬರೀ ಟ್ರೈನಿಂಗ್ ಸಾಲಲ್ಲ, ಮಾಡಿದ್ ಕೆಲ್ಸಕ್ಕೆ ಪುರಾವೆ ಕೊಡ್ಬೇಕು. ಹಾಗಂತ ಎತ್ತಿ ಅಂಟಿಸ್ಕೋಬೇಡಿ, ನಿಮ್ಮಲ್ಲಿ ಲೈಸೆನ್ಸ್ ಜಾಸ್ತಿನಾ ಸ್ಪಿನ್‌ಆಫ್ (ರಿಸರ್ಚ್‌ನಿಂದ ಹುಟ್ಟೋ ಹೊಸ ಕಂಪನಿ) ಜಾಸ್ತಿನಾ ಅನ್ನೋದ್ರ ಮೇಲೆ ಬೇಕಾಗಿರೋದೇ ಬೇರೆ ಆಗುತ್ತೆ.

ಉತ್ತರ 3:
'ಕಮ್ಯುನಿಕೇಶನ್ ಸ್ಕಿಲ್ಸ್' ಅಂತ ಬರೆದ್ರೆ ನಾನೇ ಬಂದು ಹರಿದ್ಹಾಕ್ತೀನಿ. ಮೊದ್ಲು ಆ ಆರು ಜನರ ಹತ್ರನೂ ಕೂತ್ಕೊಳ್ಳಿ, ಕಳೆದ ಸಲ ಡೀಲ್ ಕೆಟ್ಟಿದ್ದು ಯಾಕೆ ಅಂತ ಕೇಳಿ, ನಡುವೆ ಮಾತಾಡ್ಬೇಡಿ. ನಮ್ಮಲ್ಲಿ ಹಾಗೆ ಕೇಳ್ದಾಗ ನಾಲ್ವರಲ್ಲಿ ಮೂವರು ಒಂದೇ ಮಾತಂದ್ರು, ಲೈಸೆನ್ಸ್ ಅಗ್ರಿಮೆಂಟಲ್ಲಿ ಕಂಪನಿಯೋರು ಯಾವ ತಾರೀಕಿನೊಳಗೆ ಏನ್ ಮಾಡಿರ್ಬೇಕು ಅಂತ ಬರೆದೇ ಇರ್ಲಿಲ್ಲ, ಅವರು ಎಕ್ಸ್‌ಕ್ಲೂಸಿವ್ (ಬೇರೆ ಯಾರಿಗೂ ಕೊಡೋ ಹಾಗಿಲ್ಲದ ಲೈಸೆನ್ಸ್) ತಗೊಂಡು ಕಪಾಟಲ್ಲಿಟ್ಟು ಕೂತ್ಬಿಟ್ರು, ವಾಪಸ್ ಕೇಳೋಕೂ ದಾರಿ ಇಲ್ಲ. ಯಾವ ಕೋರ್ಸಿನ ಸಿಲಬಸ್ ನೋಡಿದ್ರೂ ಇದು ಇಷ್ಟು ಕಣ್ಣಿಗೆ ಹೊಡೀತಿರ್ಲಿಲ್ಲ. ಇನ್ನೊಂದು, ಇದನ್ನ ಅಪ್ರೈಸಲ್‌ಗೆ ಜೋಡಿಸೋಕೆ ಬಿಡ್ಬೇಡಿ, ಜೋಡಿಸಿದ್ರೋ ಯಾರೂ ನಿಜ ಹೇಳಲ್ಲ.

ಪ್ರಶ್ನೆ ಕೇಳಿದೋರು:
ಸರ್ ಅಲ್ಲ, ಮೇಡಂ :) ಪೋಸ್ಟರ್ ಕಥೆ ಓದಿ ನಮ್ಮಲ್ಲಿ ವಿಚಾರಿಸ್ದೆ, ಆರು ಜನರಲ್ಲಿ ಇಬ್ರು "ಆಯ್ತು ಸರ್" ಪಾರ್ಟಿನೇ. ಅಪ್ರೈಸಲ್‌ಗೆ ಅಂತಾನೇ ಡೈರೆಕ್ಟರ್ ಇದನ್ನ ಬರೆಸ್ತಿರೋದು, ಅವ್ರನ್ನ ಹೇಗೆ ಒಪ್ಪಿಸಿದ್ರಿ ಉತ್ತರ 3ನೋರೇ?