ಕೋಕೋಕೇಲಿ ಒಂದು ದಿನ: ಅಕ್ಕ ಕೇಳಿದ್ದಕ್ಕೆ ಉತ್ತರ, ಸ್ವಲ್ಪ ಉದ್ದ ಇದೆ

ಅಕ್ಕಾ, ನಿಮ್ಮ ಮೆಸೇಜು ನೋಡಿದೆ. ಮಯಾಮಿಯಿಂದ ಹೊರಡೋ ರಾಯಲ್ ಕೆರಿಬಿಯನ್ ಕಂಪನಿಯ ಪ್ರವಾಸಿ ಹಡಗು, ಮಧ್ಯದಲ್ಲಿ ಒಂದು ದಿನ ಬಹಾಮಾಸ್‌ನ ಕೋಕೋಕೇ (CocoCay) ಅನ್ನೋ ಅವರದೇ ದ್ವೀಪದಲ್ಲಿ ನಿಲ್ಲುತ್ತೆ. ಕಬಾನಾ (ದಿನದ ಬಾಡಿಗೆಗೆ ಸಿಗೋ ನೆರಳಿನ ಗುಡಿಸಲು) ಬೇಕಾ, ವಾಟರ್ ಪಾರ್ಕ್ ಟಿಕೆಟ್ ತಗೋಬೇಕಾ, ಏನೇನು ಒಯ್ಯಬೇಕು, ಮಂಡಿ ನೋವಿರೋ ಅತ್ತೆಗೆ ಆಗುತ್ತಾ, ಐದು ವರ್ಷದ ಪುಟ್ಟಿಗೆ ಏನಿದೆ, ಹನ್ನೊಂದರ ಹುಡುಗನಿಗೆ ಏನಿದೆ, ಇಷ್ಟು ಕೇಳಿದೀರಿ. ಎಲ್ಲದಕ್ಕೂ ಒಟ್ಟಿಗೆ ಹೇಳಿಬಿಡ್ತೀನಿ, ನಿಧಾನಕ್ಕೆ ಓದಿ.

ಮೊದಲು ಸಮಯದ ಲೆಕ್ಕ. ಹಡಗು ಸಾಮಾನ್ಯವಾಗಿ ಬೆಳಗ್ಗೆ 7 ಅಥವಾ 8ಕ್ಕೆ ಬಂದು ಸಂಜೆ 5ರ ಆಸುಪಾಸಿಗೆ ಹೊರಡುತ್ತೆ. ಕೇಳೋಕೆ ಒಂಬತ್ತು ಹತ್ತು ಗಂಟೆ. ಆದ್ರೆ ತಿಂಡಿ ತಿಂದು, ಮಕ್ಕಳನ್ನ ಹೊರಡಿಸಿ, ಇಳಿಯೋ ಸಾಲಲ್ಲಿ ನಿಂತು, ಹಡಗು ನಿಲ್ಲೋ ಕಟ್ಟೆ ದಾಟಿ ಕುರ್ಚಿ ಹಿಡಿಯೋ ಹೊತ್ತಿಗೆ 10 ಆಗಿರತ್ತೆ. ಹೊರಡೋ ಸಮಯಕ್ಕೆ ಅರ್ಧ ಗಂಟೆ ಮೊದಲೇ ಎಲ್ಲರೂ ಹಡಗಲ್ಲಿರಬೇಕು, ಅಲ್ಲಿಗೂ ಕೊನೇ ಹೊತ್ತಿಗೆ ಉದ್ದ ಸಾಲು. ಕೈಗೆ ಸಿಗೋದು ಐದಾರು ಗಂಟೆ ಅಷ್ಟೆ. ಅದರಲ್ಲೂ 11ರಿಂದ 3ರವರೆಗೆ ಬಿಸಿಲು ನೆತ್ತಿ ಸುಡುತ್ತೆ. ಅದಕ್ಕೇ ಹೇಳೋದು, ಆ ದಿನ ನೀವು ನಿಜವಾಗಿ ಹುಡುಕಬೇಕಾದ್ದು ನೆರಳು. ನೆರಳು ಸಿಕ್ಕಿದ್ರೆ ಮಿಕ್ಕಿದ್ದೆಲ್ಲ ಸರಾಗ. ನೆರಳಿಗೆ ದುಡ್ಡೇ ಕೊಡಬೇಕು ಅಂತೇನಿಲ್ಲ, ಬೇಗ ಇಳಿದ್ರೆ ಸಾಕು. ಗೇಟು ತೆರೆದ ಮೊದಲ ಅರ್ಧ ಗಂಟೇಲಿ ಇಳಿಯಿರಿ, ಹಿಂದಿನ ರಾತ್ರೀನೇ ಚೀಲ ಕಟ್ಟಿಡಿ, ತಿಂಡಿಗೆ ಬಫೆ ಸಾಲಲ್ಲಿ ನಿಲ್ಲೋ ಬದಲು ರೂಮಿಗೇ ತರಿಸ್ಕೊಳ್ಳಿ.

ಕೋಕೋಕೇಲಿ ಕುರ್ಚಿ, ಛತ್ರಿ ಎರಡೂ ಪುಕ್ಕಟೆ. ಎಲ್ಲಾ ದ್ವೀಪದಲ್ಲೂ ಹೀಗಿಲ್ಲ. ಕಾರ್ನಿವಲ್ ಕಂಪನಿಯ ಹಡಗುಗಳು ಹೋಗೋ ಹಾಫ್ ಮೂನ್ ಕೇ ದ್ವೀಪದಲ್ಲಿ ಕುರ್ಚಿ ಪುಕ್ಕಟೆ, ಚಿಪ್ಪಿನ ಥರ ಮುಚ್ಚೋ ನೆರಳಿಗೆ ಬಾಡಿಗೆ. ಹಾಗಾಗಿ ಬೇರೆ ಕಂಪನಿ ಹಡಗಲ್ಲಿ ಹೋಗೋರು ನಾನು ಹೇಳಿದ್ದನ್ನ ಹಾಗೇ ನಂಬಬೇಡಿ, ಅವರವರ ದ್ವೀಪದ್ದು ನೋಡ್ಕೊಳ್ಳಿ. ಕೋಕೋಕೇಲಿ ಕಟ್ಟೆ ಹತ್ತಿರದ ಜಾಗಗಳು ಮೊದಲು ತುಂಬುತ್ತವೆ, ಯಾಕಂದ್ರೆ ಇಳಿದವರೆಲ್ಲ ಮೊದಲು ಕಂಡ ಕುರ್ಚೀಲೇ ಕೂತುಬಿಡ್ತಾರೆ. ಚಿಲ್ ಐಲ್ಯಾಂಡ್ ಅಥವಾ ಸೌತ್ ಬೀಚ್ ಅನ್ನೋ ಮರಳತೀರಗಳ ಕಡೆ ಇನ್ನೂ ಸ್ವಲ್ಪ ಮುಂದೆ ಹೋದ್ರೆ 9ರ ಹೊತ್ತಿಗೂ ಒಳ್ಳೇ ಜಾಗ ಸಿಗುತ್ತೆ. ಛತ್ರಿ ಕೆಳಗೆ ಕೂರುವಾಗ ಬೆಳಗಿನ ನೆರಳು ನೋಡಬೇಡಿ, ಸೂರ್ಯ ಮೇಲೆ ಬಂದಾಗ ಅದು ಎಲ್ಲಿಗೆ ಸರಿಯುತ್ತೆ ಅಂತ ಅಂದಾಜು ಮಾಡಿ. ತೆಂಗಿನ ಮರದ ನೆರಳಂತೂ ಅರ್ಧ ಗಂಟೇಲಿ ಕೈಕೊಡುತ್ತೆ.

ಕಬಾನಾ ವಿಷಯ. ದಿನದ ಬಾಡಿಗೆ ನೂರಾರು ಡಾಲರ್, ಜನ ಜಾಸ್ತಿ ಇರೋ ವಾರದಲ್ಲಿ ಇನ್ನೂ ಏರುತ್ತೆ. ಎಂಟು ಜನ ಸೇರಿ ಹಂಚಿಕೊಂಡು, ಜೊತೆಗೆ ವಯಸ್ಸಾದವರಿದ್ರೆ ಯೋಚನೆ ಮಾಡಬಹುದು. ನಾಲ್ಕು ಜನರಿಗೆ, ಮಕ್ಕಳು ದಿನವಿಡೀ ನೀರಲ್ಲೇ ಇರುವಾಗ, ದುಡ್ಡು ದಂಡ ಅನ್ನೋದು ನನ್ನ ಅಭಿಪ್ರಾಯ.

ವಾಟರ್ ಪಾರ್ಕ್ ಬೇರೆ ಲೆಕ್ಕ. ಥ್ರಿಲ್ ವಾಟರ್‌ಪಾರ್ಕ್ ಅನ್ನೋದು ದ್ವೀಪದ ಒಳಗೇ ಇದ್ರೂ ಟಿಕೆಟ್ ಪ್ರತ್ಯೇಕ, ಬೆಲೆ ಆಯಾ ದಿನಕ್ಕೆ ತಕ್ಕ ಹಾಗೆ ಬದಲಾಗುತ್ತೆ. ಅಲ್ಲಿರೋ ಡೇರ್‌ಡೆವಿಲ್ಸ್ ಪೀಕ್ ಜಾರುಬಂಡೆ 135 ಅಡಿ ಎತ್ತರ, ಮೇಲಕ್ಕೆ ಮೆಟ್ಟಿಲು ಹತ್ತಿಯೇ ಹೋಗಬೇಕು, ಅದೂ ಬಿಸಿಲಲ್ಲಿ. ದೊಡ್ಡ ಜಾರುಬಂಡೆಗಳಿಗೆ ಮಕ್ಕಳ ಎತ್ತರ ಅಳೆದೇ ಬಿಡ್ತಾರೆ, ಅತ್ತರೂ ಕರೆದರೂ ಬಿಡಲ್ಲ. ಮನೇಲೇ ಅಳೆದು, ಕಂಪನಿ ಹಾಕಿರೋ ಮಿತಿ ನೋಡಿ ಆಮೇಲೆ ಟಿಕೆಟ್ ತಗೊಳ್ಳಿ. ನನ್ನ ಕೇಳಿದ್ರೆ ಹುಡುಗನಿಗೂ ಜಾರೋ ಉತ್ಸಾಹ ಇರೋ ಒಬ್ಬ ದೊಡ್ಡವರಿಗೂ ಮಾತ್ರ ತಗೊಳ್ಳಿ. ಮಿಕ್ಕವರು ಸುಮ್ನೆ ಜೊತೆಗೆ ಹೋಗಿ ಕೂರ್ತೀವಿ ಅಂದ್ರೆ ಅದಕ್ಕೂ ಟಿಕೆಟ್ ಬೇಕು. ಪಾರ್ಕ್ ತೆರೆದ ಮೊದಲ ಒಂದೂವರೆ ಗಂಟೇಲಿ ದೊಡ್ಡ ಜಾರುಬಂಡೆಗಳನ್ನೆಲ್ಲ ಮುಗಿಸಿಬಿಡಬೇಕು, ಆಮೇಲೆ ಸಾಲು ಬೆಳೆಯುತ್ತೆ.

ಪುಟ್ಟಿಗೆ ಟಿಕೆಟ್ ಬೇಡವೇ ಬೇಡ. ಸ್ಪ್ಲ್ಯಾಶ್‌ಅವೇ ಬೇ ಅಂತ ನೀರಾಟದ ಜಾಗ, ಕ್ಯಾಪ್ಟನ್ ಜಿಲ್ಸ್ ಗ್ಯಾಲಿಯನ್ ಅಂತ ಕಡಲ್ಗಳ್ಳರ ಹಡಗಿನ ಆಕಾರದ್ದು ಇನ್ನೊಂದು, ಎರಡೂ ಪುಕ್ಕಟೆ. ಓಯಸಿಸ್ ಲಗೂನ್ ಅನ್ನೋ ದೊಡ್ಡ ಸಿಹಿನೀರಿನ ಈಜುಕೊಳನೂ ಪುಕ್ಕಟೆ. ಉಪ್ಪುನೀರು ಕಣ್ಣಿಗೆ ಉರಿ ಅನ್ನೋ ಮಕ್ಕಳಿಗೆ ಇದೇ ವಾಸಿ. ಲೈಫ್ ಜಾಕೆಟ್ಟಿಗೂ ದುಡ್ಡು ಕೇಳಲ್ಲ. ಅದು ಹಾಕಿದ್ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ, ಗಲ್ಲದವರೆಗೆ ಜಾರಿ ಬಂದ್ರೆ ಸೈಜು ದೊಡ್ಡದು, ಬದಲಾಯಿಸಿ. ಬಾಯಿಂದ ಗಾಳಿ ಊದೋ ತೋಳುಪಟ್ಟಿ ನಂಬಬೇಡಿ, ಒದ್ದೆ ಕೈಯಿಂದ ಕಳಚಿಕೊಂಡು ಬಂದುಬಿಡುತ್ತೆ.

ಜನರನ್ನ ಹೊತ್ತು ಮೇಲೇರೋ ಹೀಲಿಯಂ ಬಲೂನ್ ಒಂದಿದೆ, 450 ಅಡಿವರೆಗೆ ಹೋಗುತ್ತೆ. ಆದ್ರೆ ಗಾಳಿ ಸ್ವಲ್ಪ ಜೋರಾದ್ರೂ ನಿಲ್ಲಿಸ್ತಾರೆ. ಅದನ್ನೇ ನೆಚ್ಚಿಕೊಂಡು ಹೋಗಬೇಡಿ.

ಯಾವುದಕ್ಕೇ ಟಿಕೆಟ್ ತಗೊಂಡ್ರೂ ಹಡಗು ಹತ್ತೋಕೆ ಮೊದಲೇ ಕಂಪನಿಯ ಆ್ಯಪಲ್ಲೋ ವೆಬ್‌ಸೈಟಲ್ಲೋ ತಗೊಳ್ಳಿ. ದ್ವೀಪಕ್ಕೆ ಹೋಗಿ ತಗೊಂಡ್ರೆ ಸಾಮಾನ್ಯವಾಗಿ ದುಬಾರಿ. ಮೊದಲೇ ತಗೊಂಡ್ರೆ ಇನ್ನೊಂದು ಲಾಭ, ಬೆಲೆ ಇಳಿದಿದ್ದು ಕಂಡ್ರೆ ಹಳೇದನ್ನ ರದ್ದು ಮಾಡಿ ಮತ್ತೆ ತಗೋಬಹುದು. ವಾರಕ್ಕೊಮ್ಮೆ ಇಣುಕಿ ನೋಡ್ತಾ ಇರಿ.

ಹಡಗು ದ್ವೀಪಕ್ಕೆ ಹೋಗದೇ ಇರೋ ಸಾಧ್ಯತೆನೂ ಇದೆ, ಇದನ್ನ ಮಕ್ಕಳಿಗೆ ಮೊದಲೇ ಹೇಳಿಟ್ಟಿರಿ. ಇಷ್ಟೆತ್ತರದ ಹಡಗಿನ ಪಕ್ಕ ಗಾಳಿಗೆ ದೊಡ್ಡ ಹಾಯಿ ಇದ್ದಂಗೆ. ಬದಿಯಿಂದ ಗಾಳಿ ಬಲವಾಗಿ ಬೀಸಿದ್ರೆ ಕಟ್ಟೆಗೆ ಒತ್ತಿ ನಿಲ್ಲಿಸೋದು ಅಪಾಯ, ಕ್ಯಾಪ್ಟನ್ ತಿರುಗಿಸಿಕೊಂಡು ಹೊರಟುಬಿಡ್ತಾರೆ. ಚಳಿಗಾಲದಲ್ಲಿ, ಡಿಸೆಂಬರಿಂದ ಮಾರ್ಚ್‌ವರೆಗೆ, ಉತ್ತರದಿಂದ ತಣ್ಣನೆ ಗಾಳಿಯ ಅಲೆಗಳು ಬರುತ್ತವೆ, ಆಗ ಹೀಗಾಗೋದು ಹೆಚ್ಚು. ಜೂನ್ 1ರಿಂದ ನವೆಂಬರ್ 30 ಚಂಡಮಾರುತದ ಕಾಲ, ಆಗ ಹಡಗಿನ ದಾರಿಯೇ ಬದಲಾಗಬಹುದು. ದೊಡ್ಡ ಹಡಗು ನಿಲ್ಲೋ ಕಟ್ಟೆ ಇಲ್ಲದ ದ್ವೀಪಗಳಲ್ಲಿ ಸಣ್ಣ ದೋಣೀಲಿ ಇಳಿಸ್ತಾರೆ, ಟೆಂಡರ್ ಅಂತಾರೆ. ಅಲ್ಲಿ ಗಾಳಿ ಇಲ್ಲದಿದ್ರೂ ಅಲೆಯ ಏರಿಳಿತ ಜಾಸ್ತಿ ಇದ್ರೆ ಸಾಕು, ಇಳಿಸಲ್ಲ, ಯಾಕಂದ್ರೆ ದೋಣಿಗೂ ಹಡಗಿನ ಬಾಗಿಲಿಗೂ ನಡುವೆ ಹೆಜ್ಜೆ ಇಡೋ ಜಾಗ ಮೇಲೆ ಕೆಳಗೆ ಆಡ್ತಾ ಇರುತ್ತೆ. ನಿಲುಗಡೆ ರದ್ದಾದ್ರೆ ಹಡಗಿನ ಕಂಪನಿಯಿಂದಲೇ ತಗೊಂಡ ಟಿಕೆಟ್ಟಿನ ದುಡ್ಡು ವಾಪಸ್ ಬರುತ್ತೆ, ಖಾತೆ ನೋಡಿ ಖಾತ್ರಿ ಮಾಡ್ಕೊಳ್ಳಿ.

ಈಗ ಅತ್ತೆ ವಿಷಯ. ಕೋಕೋಕೇಲಿ ಹಡಗು ನೇರ ಕಟ್ಟೆಗೇ ಬಂದು ನಿಲ್ಲುತ್ತೆ, ದೋಣಿ ಹತ್ತಿ ಇಳಿಯೋ ಕಷ್ಟ ಇಲ್ಲ. ಅದೇ ದೊಡ್ಡ ಸಮಾಧಾನ. ಆದ್ರೆ ಕಟ್ಟೆ ಉದ್ದ ಇದೆ, ನೆರಳು ಕಮ್ಮಿ, ಕೆಲವು ನೂರು ಮೀಟರ್ ನಡೆಯೋದಿದೆ. ಬೆಳಗ್ಗೆ ಬೇಗ ಇಳಿದ್ರೆ ತಂಪಲ್ಲಿ ನಡೀಬಹುದು. ದ್ವೀಪದೊಳಗೆ ಓಡಾಡೋಕೆ ಪುಕ್ಕಟೆ ಟ್ರ್ಯಾಮ್ ಗಾಡಿ ಇದೆ. ಮರಳಲ್ಲಿ ಹೋಗೋಕೆ ದಪ್ಪ ಚಕ್ರದ ವೀಲ್‌ಚೇರ್ ಇರುತ್ತೆ, ಆದ್ರೆ ಸಂಖ್ಯೆ ಕಮ್ಮಿ, ಮೊದಲು ಹೋದವರಿಗೆ ಮೊದಲು. ಮಂಡಿಗೆ ನಿಜವಾಗಿ ತೊಂದರೆ ಕೊಡೋದು ಒಣ ಮರಳು, ಕಾಲು ಹೂತು ಹೂತು ನೋವು ಬರುತ್ತೆ. ಈಜುಕೊಳದ ಪಕ್ಕ ನೆಲ ಗಟ್ಟಿ, ಅಲ್ಲೇ ಜಾಗ ಹಿಡಿದ್ರೆ ಅವರಿಗೂ ಹಿತ, ಪುಟ್ಟಿ ಮೇಲೂ ಕಣ್ಣಿಡಬಹುದು. ಕುರ್ಚಿ ತೀರಾ ತಗ್ಗಿನದಾದ್ರೆ ಏಳೋದೇ ಕಷ್ಟ, ಊಟದ ಜಾಗದಲ್ಲಿ ಎತ್ತರದ ಕುರ್ಚಿ ಇರುತ್ತೆ, ಅಲ್ಲಿ ಕೂರಿಸಿ.

ಮಧ್ಯಾಹ್ನ ಸಾಕಾಯ್ತು ಅಂದ್ರೆ ಅತ್ತೆನ ಹಡಗಿಗೆ ವಾಪಸ್ ಕರ್ಕೊಂಡು ಹೋಗಿ. ಎಲ್ಲರೂ ದ್ವೀಪದಲ್ಲಿರೋದ್ರಿಂದ ಹಡಗು ಖಾಲಿ ಇರುತ್ತೆ, ಬಫೆ ತೆರೆದೇ ಇರುತ್ತೆ, ಈಜುಕೊಳದಲ್ಲಿ ಸಾಲಿಲ್ಲ, ಎಸಿ ಬೇರೆ. ಒಂದು ಗಂಟೆ ಮಲಗಿ ಮತ್ತೆ ಇಳಿದು ಬರಬಹುದು, ಎಷ್ಟು ಸಲ ಹತ್ತಿ ಇಳಿದ್ರೂ ಯಾರೂ ಬೇಡ ಅನ್ನಲ್ಲ.

ಊಟಕ್ಕೂ ಇದೇ ಮಾತು. ದ್ವೀಪದಲ್ಲಿ ಸ್ಕಿಪ್ಪರ್ಸ್ ಗ್ರಿಲ್, ಚಿಲ್ ಗ್ರಿಲ್, ಸ್ನ್ಯಾಕ್ ಶ್ಯಾಕ್, ಮೂರರ ಊಟವೂ ಹಡಗಿನ ಟಿಕೆಟ್ ದರದಲ್ಲೇ ಸೇರಿರುತ್ತೆ. ಬಹುಪಾಲು ಬರ್ಗರ್, ಕೋಳಿ, ಟಾಕೋ, ಫ್ರೈಸ್. ಸಸ್ಯಾಹಾರಿಗಳಿಗೆ ಸಲಾಡ್, ಹಣ್ಣು, ಫ್ರೈಸ್, ಕೇಳಿದ್ರೆ ತರಕಾರಿ ಬರ್ಗರ್. ಇಷ್ಟಕ್ಕೆ ಹೊಟ್ಟೆ ತುಂಬಲ್ಲ ಅನ್ನೋರು ಸಸ್ಯಾಹಾರ ಬೇಕು ಅಂತ ಹಿಂದಿನ ರಾತ್ರಿ ಊಟದ ಮೇಜಿನ ಹೆಡ್ ವೇಟರ್ ಹತ್ರ ಹೇಳಿಡಿ, ಇಲ್ಲಾ ಹಡಗಿನ ಬಫೆಗೇ ಹೋಗಿ ಉಂಡು ಬನ್ನಿ. ಗ್ರಿಲ್‌ಗಳು 11ರ ಸುಮಾರಿಗೆ ತೆರೆದು ಮಧ್ಯಾಹ್ನವೇ ಮುಚ್ಚುತ್ತವೆ. 12ರಿಂದ 1 ತಪ್ಪಿಸಿ. ಹಡಗಿಂದ ಬಫೆ ಊಟ ಕಟ್ಕೊಂಡು ಇಳಿಯೋಕೆ ಬಿಡಲ್ಲ, ಸೀಲ್ ಒಡೆಯದ ಬಿಸ್ಕತ್ ಪ್ಯಾಕೆಟ್ ಪರವಾಗಿಲ್ಲ. ಕುಡಿಯೋ ನೀರಿಗೆ ಖಾಲಿ ಬಾಟಲಿ ಒಯ್ಯಿರಿ.

ಸನ್‌ಸ್ಕ್ರೀನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ದಿನ ಕೆಡೋದು ಇಲ್ಲೇ. ದೊಡ್ಡವರ ಮೈಗೆಲ್ಲ ಒಂದು ಸಲ ಸರಿಯಾಗಿ ಹಚ್ಚೋಕೆ ಸುಮಾರು 30 ಎಂಎಲ್ ಬೇಕು. ಎರಡು ಗಂಟೆಗೊಮ್ಮೆ, ನೀರಿಂದ ಎದ್ದು ಮೈ ಒರೆಸಿದ್ಮೇಲೆ ಮತ್ತೊಮ್ಮೆ. ಅಂದ್ರೆ ಒಬ್ಬರಿಗೆ ದಿನಕ್ಕೆ ಮೂರು ಸಲ, 90 ಎಂಎಲ್. ನಾಲ್ಕೈದು ಜನಕ್ಕೆ ಒಂದು ಪುಟ್ಟ ಟ್ಯೂಬು ಏನಕ್ಕೂ ಸಾಲದು. ವಿಮಾನದಲ್ಲಿ ಕೈಚೀಲಕ್ಕೆ 100 ಎಂಎಲ್ ಮಿತಿ ಇರೋದ್ರಿಂದ ದೊಡ್ಡ ಬಾಟಲಿ ಚೆಕ್-ಇನ್ ಲಗೇಜಿಗೆ ಹಾಕಿ. ಹಡಗಿನ ಅಂಗಡೀಲಿ ಸಿಗುತ್ತೆ, ಬೆಲೆ ಕೇಳಿದ್ರೆ ಬಿಸಿಲೇ ವಾಸಿ ಅನ್ಸುತ್ತೆ. ಎಸ್‌ಪಿಎಫ್ 30ಕ್ಕಿಂತ ಕಮ್ಮಿ ಬೇಡ, ರೂಮಲ್ಲೇ ಹಚ್ಚಿ ಹದಿನೈದು ನಿಮಿಷ ಬಿಟ್ಟು ಹೊರಡಿ. ಜನ ಮರೆಯೋ ಜಾಗಗಳು: ಪಾದದ ಮೇಲ್ಭಾಗ, ಕಿವಿ, ಕತ್ತಿನ ಹಿಂದೆ, ಬೈತಲೆ, ಮಂಡಿ ಹಿಂದಿನ ಮಡಿಕೆ. ಮುಖ ಕೆಳಗೆ ಮಾಡಿ ಮೀನು ನೋಡೋರಿಗೆ ಬೆನ್ನು ಮತ್ತೆ ತೊಡೆಯ ಹಿಂಭಾಗ ಸುಟ್ಟೇ ಸುಡುತ್ತೆ, ನೀರು ತಣ್ಣಗಿರೋದ್ರಿಂದ ಗೊತ್ತೇ ಆಗಲ್ಲ. ಮೋಡ ಇದೆ ಅಂತಾನೂ, ಛತ್ರಿ ಕೆಳಗಿದೀವಿ ಅಂತಾನೂ ಬಿಡಬೇಡಿ, ಮೋಡ ಪೂರ್ತಿ ತಡೆಯಲ್ಲ, ಬಿಳಿ ಮರಳು ಕೆಳಗಿಂದ ಹೊಡೆಯುತ್ತೆ. ಸುಲಭ ದಾರಿ ಅಂದ್ರೆ ಉದ್ದ ತೋಳಿನ ಈಜು ಅಂಗಿ, ಲೈಕ್ರಾ ಲೆಗ್ಗಿಂಗ್ಸ್. ಹಚ್ಚೋ ಜಾಗ ಅರ್ಧಕ್ಕೆ ಇಳಿಯುತ್ತೆ, ಈಜುಡುಗೆ ಹಾಕೋಕೆ ಸಂಕೋಚ ಪಡೋರಿಗೂ ಆಯ್ತು. ಹತ್ತಿ ಚೂಡಿದಾರದಲ್ಲಿ ನೀರಿಗಿಳಿಯಬೇಡಿ, ನೆಂದು ಭಾರ ಆಗಿ ಕಾಲಿಗೆ ಸುತ್ತಿಕೊಳ್ಳುತ್ತೆ.

ಸ್ನಾರ್ಕೆಲ್ ಮಾಸ್ಕ್ (ನೀರಲ್ಲಿ ಮೀನು ನೋಡೋಕೆ ಮುಖಕ್ಕೆ ಹಾಕೋದು) ತಗೊಳ್ಳುವಾಗ ಪಟ್ಟಿ ಹಾಕದೇ ಮುಖಕ್ಕೆ ಒತ್ತಿ ಮೂಗಲ್ಲಿ ಉಸಿರು ಎಳೆದು ಕೈ ಬಿಡಿ. ಅಂಟಿಕೊಂಡು ನಿಂತ್ರೆ ಸರಿ, ಬಿದ್ರೆ ಬೇರೆ ಸೈಜು. ಮೀಸೆ ಇರೋರಿಗೆ, ಅಂಚಿನ ಕೆಳಗೆ ಕೂದಲು ಸಿಕ್ಕೋರಿಗೆ ನೀರು ನುಗ್ಗುತ್ತೆ. ಮಂಜು ಕಟ್ಟದಿರೋಕೆ ಒಳಗಾಜಿಗೆ ಒಂದು ಹನಿ ಬೇಬಿ ಶಾಂಪೂ ಸವರಿ, ಸ್ವಲ್ಪ ತೊಳೆದು ಹಾಕಿ. ಈಜು ಬಂದ್ರೂ ಜಾಕೆಟ್ ಬಿಡಬೇಡಿ, ಹಗ್ಗ ತೇಲಿಬಿಟ್ಟಿರೋ ಗಡಿ ದಾಟಬೇಡಿ. ಹವಳ ಮುಟ್ಟಬೇಡಿ, ಮೇಲೆ ನಿಲ್ಲಲೂ ಬೇಡಿ, ಕೆಲವು ಜಾತಿ ಚರ್ಮ ಸುಡುತ್ತೆ. ಬೇಸಿಗೆ ಶುರುವಲ್ಲಿ ಕಣ್ಣಿಗೆ ಕಾಣದ ಅಂಬಲಿಮೀನಿನ (ಜೆಲ್ಲಿಫಿಶ್) ಮರಿಗಳು ಈಜುಡುಗೆ ಒಳಗೆ ಸಿಕ್ಕಿ ಕೆಂಪು ಗುಳ್ಳೆ ಎಬ್ಬಿಸಬಹುದು. ಬಟ್ಟೆ ಹಾಕಿಕೊಂಡೇ ಸಿಹಿನೀರಿನ ಶವರ್ ಕೆಳಗೆ ನಿಂತ್ರೆ ಅವು ಇನ್ನಷ್ಟು ಚುಚ್ಚುತ್ತವೆ. ಮೊದಲು ಆ ಬಟ್ಟೆ ಕಳಚಿ, ಆಮೇಲೆ ತೊಳೀರಿ.

ಚೀಲದಲ್ಲಿ ಇರಬೇಕಾದ್ದು ಕಮ್ಮಿ: ಸೀಪಾಸ್ ಕಾರ್ಡು (ಹಡಗಲ್ಲಿ ಕೊಡೋ ಗುರುತಿನ ಕಾರ್ಡು) ಎಲ್ಲರದ್ದೂ, ದೊಡ್ಡವರಿಗೆ ಫೋಟೋ ಇರೋ ಒಂದು ಗುರುತಿನ ಚೀಟಿ, ನೀರಿಗೆ ಹಾಕೋ ಚಪ್ಪಲಿ, ಟೋಪಿ, ಮಾತ್ರೆ, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ, ಫೋನಿಗೆ ನೀರು ಹೋಗದ ಕವರ್. ಪಾಸ್‌ಪೋರ್ಟ್ ರೂಮಿನ ಲಾಕರಲ್ಲೇ ಇರಲಿ. ಕಾರ್ಡಿಲ್ಲದೇ ಹಡಗಿಗೆ ಹತ್ತಿಸಲ್ಲ, ಅದನ್ನ ಕುತ್ತಿಗೆಗೆ ಹಾಕಿ, ಶಾರ್ಟ್ಸ್ ಜೇಬಲ್ಲಿಟ್ಟು ಜಾರುಬಂಡೆ ಹತ್ತಬೇಡಿ. ಖರ್ಚೆಲ್ಲ ಆ ಕಾರ್ಡಿಗೇ ಬೀಳುತ್ತೆ, ದುಡ್ಡು ಕೊಡೋ ಪಾನೀಯಕ್ಕೆ ಟಿಪ್ಸು ಬಿಲ್ಲಲ್ಲೇ ಸೇರಿಸ್ತಾರೆ, ಮತ್ತೆ ಕೊಡಬೇಕಾಗಿಲ್ಲ. ಹಡಗಲ್ಲಿ ತಗೊಂಡ ಪಾನೀಯದ ಪ್ಯಾಕೇಜ್ ಕೋಕೋಕೇಲೂ ನಡೆಯುತ್ತೆ. ಸ್ಥಳೀಯರ ಕರಕುಶಲ ಅಂಗಡಿಗಳಿಗೆ ಮಾತ್ರ ಸಣ್ಣ ನೋಟಿನ ಅಮೆರಿಕನ್ ಡಾಲರ್ ಇರಲಿ. ಬಹಾಮಿಯನ್ ಡಾಲರ್ ಅದಕ್ಕೆ ಸಮ, ಚಿಲ್ಲರೆ ಆ ನೋಟಲ್ಲಿ ಕೊಟ್ರೆ ಅಲ್ಲೇ ಖರ್ಚು ಮಾಡಿ ಬನ್ನಿ.

ಫೋನು ಬೆಳಗ್ಗಿಂದಲೇ ಏರ್‌ಪ್ಲೇನ್ ಮೋಡಲ್ಲಿಟ್ಟು ವೈಫೈ ಮಾತ್ರ ಆನ್ ಮಾಡಿ, ಹಡಗಿನ ವೈಫೈ ಪ್ಯಾಕೇಜ್ ಈ ದ್ವೀಪದಲ್ಲೂ ಸಿಗುತ್ತೆ. ಹಾಗೇ ಬಿಟ್ರೆ ಹಡಗಿನ ಮೊಬೈಲ್ ಟವರ್ ಹಿಡಿದು ಬಿಲ್ಲು ಏರುತ್ತೆ. ಅತ್ತೆ ಫೋನಲ್ಲೂ ನೀವೇ ಮಾಡಿಕೊಡಿ, ಅವರ ವಾಟ್ಸಾಪ್ ವಿಡಿಯೋಗಳು ತಾವಾಗೇ ಡೌನ್‌ಲೋಡ್ ಆಗೋ ಸೆಟ್ಟಿಂಗ್ ಆನ್ ಇರುತ್ತೆ.