ಹಂಚಿನ ಮನೆಯ ಚಳಿ ಮತ್ತು ಕರೆಂಟಿನ ಬಿಲ್ಲು

ಪ್ರಶ್ನೆ (ಮೂಡಿಗೆರೆ ತಾಲ್ಲೂಕಿನ ಸದಸ್ಯೆ):
ಸರ್, ನಮ್ಮದು ತೋಟದ ನಡುವಿನ ಹಳೆಯ ಹಂಚಿನ ಮನೆ. ಕಾರ್ತಿಕ ಕಳೆದ ಮೇಲೆ ರಾತ್ರಿಯ ಚಳಿಯನ್ನು ವಯಸ್ಸಾದ ನಮ್ಮ ಅತ್ತೆಯವರು ತಡೆಯಲಾರರು. ಕಳೆದ ವರ್ಷ ಅವರ ಕೋಣೆಗೆ 2000 ವ್ಯಾಟಿನ ಹೀಟರ್ ತಂದೆವು. ಚಳಿಗಾಲದ ತಿಂಗಳುಗಳಲ್ಲಿ ಬಳಕೆ 200 ಯೂನಿಟ್ ದಾಟಿದ್ದರಿಂದ ಗೃಹಜ್ಯೋತಿಯ ಸೌಲಭ್ಯ ಸಿಗದೆ ಪೂರ್ತಿ ಬಿಲ್ಲು ಕಟ್ಟಬೇಕಾಯಿತು, ಆದರೂ ಕೋಣೆ ಬೆಚ್ಚಗಾಗಲಿಲ್ಲ. ಈ ಸಲ ಇನ್ನೂ ದೊಡ್ಡ ಹೀಟರ್ ಕೊಳ್ಳುವುದು ಸರಿಯೇ, ಅಥವಾ ಮನೆಯಲ್ಲೇ ಏನಾದರೂ ಸರಿಪಡಿಸಬೇಕೇ?

ಉತ್ತರ (ಚಿಕ್ಕಮಗಳೂರಿನ ಸಿವಿಲ್ ಎಂಜಿನಿಯರ್):
ನಮಸ್ಕಾರ ಮೇಡಂ. ದೊಡ್ಡ ಹೀಟರ್ ಖಂಡಿತ ಬೇಡ. ಈಗಿರುವುದನ್ನೇ ರಾತ್ರಿಗೆ 5 ಗಂಟೆ ಹಾಕಿಟ್ಟರೆ 10 ಯೂನಿಟ್ ಆಗುತ್ತದೆ, ಅಂದರೆ 20 ರಾತ್ರಿಗೆ ಅದೊಂದೇ 200 ಯೂನಿಟ್ ಮುಟ್ಟಿಸುತ್ತದೆ. ಎಣ್ಣೆ ತುಂಬಿದ ಹೀಟರ್ ಆಗಲಿ, ಫ್ಯಾನ್ ಇರುವ ಹೀಟರ್ ಆಗಲಿ, ಒಂದು ಯೂನಿಟ್ ವಿದ್ಯುತ್ತಿಗೆ ಕೊಡುವ ಶಾಖ ಒಂದೇ ಆದ್ದರಿಂದ ಹೀಟರ್ ಬದಲಿಸಿದ ಮಾತ್ರಕ್ಕೆ ಬಿಲ್ಲು ಇಳಿಯುವುದಿಲ್ಲ.

ನಿಮ್ಮ ಶಾಖ ಹೋಗುತ್ತಿರುವುದು ಮಾಡಿನಿಂದ. ಬಿಸಿಗಾಳಿ ಮೇಲೇರಿ ಹಂಚಿನ ಸಂದುಗಳಿಂದ ಹೊರಬೀಳುತ್ತದೆ. ಅದರ ಮೇಲೆ, ಮೋಡವಿಲ್ಲದ ಪುಷ್ಯ ಮಾಸದ ರಾತ್ರಿಗಳಲ್ಲಿ ಹಂಚು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ನಮ್ಮ ಹಿರಿಯರು ಮಲಗುವ ಕೋಣೆಗೆ ಮರದ ಮುಚ್ಚಿಗೆ ಹಾಕಿಸುತ್ತಿದ್ದುದರಿಂದ ಮುಚ್ಚಿಗೆಗೂ ಹಂಚಿಗೂ ನಡುವೆ ನಿಂತ ಗಾಳಿಯೇ ಕಂಬಳಿಯಂತೆ ಕೆಲಸ ಮಾಡುತ್ತಿತ್ತು. ಇಡೀ ಮನೆಗೆ ಬೇಡ, ಅತ್ತೆಯವರ ಕೋಣೆಯೊಂದಕ್ಕೆ ಹಲಗೆಯದೋ ಸಿಮೆಂಟ್ ಶೀಟಿನದೋ ಮುಚ್ಚಿಗೆ ಹಾಕಿಸಿ. ಅಗ್ಗವೆಂದು ಥರ್ಮಾಕೋಲ್ ಹಾಕಿಸಬೇಡಿ, ಅದಕ್ಕೆ ಬೆಂಕಿ ಬೇಗ ಹತ್ತುತ್ತದೆ. ಮುಚ್ಚಿಗೆಗೆ ಮೊದಲು ಜಾರಿದ, ಒಡೆದ ಹಂಚುಗಳನ್ನು ಸರಿಮಾಡಿಸಿ. ಮಳೆಗಾಲದಲ್ಲಿ ನೆನೆದ ಗೋಡೆ ಒಣಗಲು ಬಿಡಿ, ಏಕೆಂದರೆ ಒದ್ದೆ ಗೋಡೆ ಒಣ ಗೋಡೆಗಿಂತ ಬೇಗ ಶಾಖ ಕಳೆಯುತ್ತದೆ.

ಬಾಗಿಲ ಸಂದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಮೀಟರ್ ಅಗಲದ ಬಾಗಿಲ ಕೆಳಗೆ ಒಂದು ಸೆಂಟಿಮೀಟರ್ ಸಂದಿದ್ದರೆ ಗೋಡೆಯಲ್ಲಿ 100 ಚದರ ಸೆಂಟಿಮೀಟರಿನ ತೂತು ಕೊರೆದಂತೆಯೇ. ರಬ್ಬರ್ ಪಟ್ಟಿ ಹೊಡೆಸಿದರೆ ಸಾಕು. ದಕ್ಷಿಣದ ಕಿಟಕಿಯನ್ನು ಹಗಲು ಬಿಸಿಲಿಗೆ ತೆರೆದಿಟ್ಟು, ಹೊತ್ತು ಇಳಿಯುವ ಮೊದಲೇ ಮುಚ್ಚಿ ದಪ್ಪ ಪರದೆ ಎಳೆಯಿರಿ.

ಸ್ನಾನಕ್ಕೆ ಬಚ್ಚಲ ಒಲೆ ಇನ್ನೂ ಇದ್ದರೆ ಅದನ್ನೇ ಬಳಸುವುದು ನನ್ನ ಸಲಹೆ. ತೋಟದಲ್ಲಿ ಕಡಿದ ಕಾಫಿ ರೆಂಬೆ ಧಾರಾಳವಾಗಿ ಸಿಗುತ್ತದೆ. ಮಾಡಿನ ಕೆಳಗೆ ಒಣಗಿಸಿಟ್ಟರೆ ಹಂಡೆ ಬೇಗ ಕಾಯುತ್ತದೆ, ಹೊಗೆಯೂ ಕಡಿಮೆ.

ಮರುಪ್ರಶ್ನೆ:
ಬಚ್ಚಲ ಒಲೆ ಇದೆ ಸರ್. ಮೊದಲೆಲ್ಲ ಅದರ ಕೆಂಡವನ್ನೇ ಅಗ್ಗಿಷ್ಟಿಕೆಗೆ ಹಾಕಿ ಅತ್ತೆಯವರ ಕೋಣೆಯಲ್ಲಿ ಇಡುತ್ತಿದ್ದೆವು. ಮುಚ್ಚಿಗೆ ಹಾಕಿಸಿದ ಮೇಲೂ ಇಡಬಹುದೇ?

ಉತ್ತರ:
ದಯವಿಟ್ಟು ಇಡಬೇಡಿ ಮೇಡಂ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಎಚ್ಚರವಾಗದೆಯೇ ಪ್ರಾಣ ಬಿಡುತ್ತಾರೆ. ಹಿಂದೆ ಹಂಚಿನ ಸಂದುಗಳಿಂದ ಅದು ಸ್ವಲ್ಪವಾದರೂ ಹೊರಹೋಗುತ್ತಿತ್ತು, ಆ ದಾರಿಯನ್ನೇ ನಾವೀಗ ಮುಚ್ಚುತ್ತಿದ್ದೇವೆ. ಹಾಗೆಂದು ಸಂದು ಉಳಿಸಿಕೊಂಡು ಕೆಂಡ ಇಡುವುದೂ ಕ್ಷೇಮವಲ್ಲ. ಬಚ್ಚಲ ಮನೆಯ ಗವಾಕ್ಷಿಯನ್ನೂ ಚಳಿಯೆಂದು ಮುಚ್ಚಬೇಡಿ.

ಅದರ ಬದಲು ಎರಡು ಲೀಟರಿನ ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಹಾಸಿಗೆಯ ಕಾಲ ಬಳಿ ಇಡಿ. ವಯಸ್ಸಾದವರ ಚರ್ಮ ಬೇಗ ಸುಡುವುದರಿಂದ ಕುದಿಯುವ ನೀರು ಬೇಡ. ಆ ನೀರನ್ನು ಕರೆಂಟಿನಲ್ಲೇ ಕಾಯಿಸಿದರೂ ಯೂನಿಟ್ಟಿನ ಹತ್ತನೇ ಒಂದು ಭಾಗದಷ್ಟು ಖರ್ಚು. ಹೀಟರನ್ನು ಮಲಗುವ ಮೊದಲು ಅರ್ಧ ಗಂಟೆ ಹಾಕಿ ಆರಿಸಿಬಿಡಿ. ಅದು ಸುಮಾರು 9 ಆಂಪಿಯರ್ ಎಳೆಯುವುದರಿಂದ 16 ಆಂಪಿಯರ್ ಸಾಕೆಟ್ಟಿಗೇ ಜೋಡಿಸಿ, ಎಕ್ಸ್‌ಟೆನ್ಷನ್ ಬೋರ್ಡಿಗೆ ಬೇಡ.